641 ಎಂಬ ಕೀಲಿಕೈ

ಪ್ರಶ್ನೆ: ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಲೇಬೇಕೇ?

ಬೇಕಿಲ್ಲ. ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು ಎಂದು ಶಾಲೆಯಲ್ಲೇ ಕಲಿತಿರುತ್ತೇವೆ. ಆದರೆ ಸಂಖ್ಯೆ ದೊಡ್ಡದಾದರೆ ಅದೂ ಹೊರೆಯೇ. 4,29,49,67,297 ತೆಗೆದುಕೊಳ್ಳಿ. ಕೊನೆಯಂಕಿ 7, ಹಾಗಾಗಿ 2 ಮತ್ತು 5ರ ಮಾತಿಲ್ಲ. ಅಂಕಿಗಳ ಮೊತ್ತ 59, ಅಲ್ಲಿಗೆ 3 ಕೂಡ ಹೋಯಿತು. ಇದರ ವರ್ಗಮೂಲ 65,536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟರೊಳಗೆ 6,542 ಅವಿಭಾಜ್ಯಗಳಿವೆ. ಕಾಗದ ಪೆನ್ನು ಹಿಡಿದು ಅಷ್ಟೂ ಭಾಗಾಕಾರ ಮಾಡುವವರು ಯಾರು?

ಈ ಸಂಖ್ಯೆ 2³²+1. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಸುಮಾರಿಗೆ 3, 5, 17, 257, 65,537 ಎಂಬ ಸಾಲನ್ನು ಗಮನಿಸಿದರು. 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತಾ 1 ಕೂಡಿಸಿದರೆ ಬರುವ ಸಾಲಿದು. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆಂದು ಅವರು ನಂಬಿದ್ದರು. ಆರನೆಯದಾದ ನಮ್ಮ ಸಂಖ್ಯೆಯನ್ನು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಒಡೆದರು: 641 × 67,00,417.

ಈ 641 ಕುರುಡು ಹುಡುಕಾಟದಲ್ಲಿ ಸಿಗಬೇಕಾದ್ದಲ್ಲ. ನಮ್ಮ ಸಂಖ್ಯೆಯನ್ನು ಒಂದು ಅವಿಭಾಜ್ಯ ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. 2, 4, 8, 16 ಹೀಗೆ 2ರ ಘಾತಗಳನ್ನೆಲ್ಲ ಅದರಿಂದ ಭಾಗಿಸುತ್ತಾ ಹೋದರೆ, ಶೇಷಗಳು ಸರಿಯಾಗಿ 64 ಹೆಜ್ಜೆಗೊಮ್ಮೆ ಮರಳಿ ಬರುತ್ತವೆ. ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಉಳಿಯುವುದನ್ನು ಈ ಸುತ್ತಿನ ಉದ್ದ ಭಾಗಿಸಲೇಬೇಕು. ಇದು ಸ್ವತಃ ಫರ್ಮಾ ಕೊಟ್ಟ ಪ್ರಮೇಯ! ಉಪಕರಣ ಅವರ ಕೈಯಲ್ಲೇ ಇತ್ತೆಂಬುದು ನನಗೆ ಇಂದಿಗೂ ಸೋಜಿಗ. ಹಾಗಾಗಿ 64ರ ಗುಣಕಕ್ಕೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳನ್ನಷ್ಟೇ ನೋಡಿದರಾಯಿತು: 193, 257, 449, 577, 641. ಐದನೆಯದಕ್ಕೇ ಬಾಗಿಲು ತೆರೆಯುತ್ತದೆ.

ಉದ್ದದ ಭಾಗಾಕಾರವೂ ಬೇಡ. 641 ಎಂದರೆ 5×2⁷+1, 5⁴+2⁴ ಕೂಡ ಅದೇ. ಮೊದಲನೆಯದರ ಪ್ರಕಾರ 5×2⁷ ಎಂಬುದು 641ಕ್ಕೆ ಒಂದು ಕಡಿಮೆ, ಶೇಷದ ಲೆಕ್ಕದಲ್ಲಿ −1. ನಾಲ್ಕನೇ ಘಾತಕ್ಕೇರಿಸಿದರೆ 5⁴×2²⁸ರ ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1, ಅಂದರೆ 2³²+1ರಲ್ಲಿ ಶೇಷವೇ ಉಳಿಯದು. ಒಮ್ಮೆ ನೀವೇ ಬರೆದು ನೋಡಿ, ಆ ಖುಷಿಯೇ ಬೇರೆ.

67,00,417 ಕೂಡ ಅವಿಭಾಜ್ಯ. ಹೀಗಾಗಿ ನಮ್ಮದು ಎರಡೇ ಅವಿಭಾಜ್ಯಗಳ ಗುಣಲಬ್ಧವಾದ ಸಂಯುಕ್ತ ಸಂಖ್ಯೆ. ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದು: 65,536²+1² ಮತ್ತು 62,264²+20,449². ಅವಿಭಾಜ್ಯಕ್ಕೆ ಇಂಥ ಎರಡು ಬಗೆ ಇರಲಾರದು. ಅಂದರೆ 641 ಗೊತ್ತಿಲ್ಲದಿದ್ದರೂ ಈ ಒಂದು ಸಾಲೇ ತೀರ್ಪು ಕೊಡುತ್ತದೆ.

ಭಾಜಕವನ್ನೇ ಹುಡುಕದೆ ತೀರ್ಮಾನಿಸುವ ವಿಧಾನಗಳು ಇಂದು ಬಹಳ ಮುಂದೆ ಹೋಗಿವೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವ ಸಂಖ್ಯೆಗೂ ಖಚಿತ ಉತ್ತರ ಕೊಡುವ ಇಂಥದ್ದೊಂದು ವಿಧಾನವನ್ನು ಮುಂದಿಟ್ಟರು. ಫರ್ಮಾ ಸಾಲಿನಲ್ಲೇ 3,15,653 ಅಂಕಿಗಳ ಒಂದು ಸಂಖ್ಯೆಯಿದೆ. ಅದು ಸಂಯುಕ್ತ ಎಂದು 1980ರ ದಶಕದಲ್ಲೇ ಸಾಬೀತಾಗಿದೆ, ಅದರ ಒಂದು ಅಪವರ್ತನವೂ ಮಾತ್ರ ಇನ್ನೂ ಸಿಕ್ಕಿಲ್ಲ.