ಸೀರಮ್ ಸಿಕ್‌ನೆಸ್: ಮೊದಲು ದಿನ ಎಣಿಸಿ

ಔಷಧದ ಅಲರ್ಜಿ ಅಂದಾಗ ನಮಗೆ ಮೊದಲು ನೆನಪಾಗುವುದು ಅನಾಫಿಲ್ಯಾಕ್ಸಿಸ್. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಕ್ಕೆ ಮೈಯೆಲ್ಲ ಗಂಧೆ, ಉಸಿರಾಟಕ್ಕೆ ಕಷ್ಟ, ಬಿಪಿ ಕುಸಿತ. ಸೀರಮ್ ಸಿಕ್‌ನೆಸ್ ಹಾಗಲ್ಲ. ಔಷಧ ಒಳಗೆ ಹೋಗಿ ಒಂದೆರಡು ವಾರ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಜ್ವರ, ದದ್ದು, ಕೀಲು ನೋವು ಒಟ್ಟಿಗೆ ಬರುತ್ತವೆ. ಅಷ್ಟರಲ್ಲಿ ಎಷ್ಟೋ ಸಲ ಕೋರ್ಸ್ ಮುಗಿದಿರುತ್ತದೆ. ಈಗ ಏನು ಮಾತ್ರೆ ತಗೊಳ್ತಿದ್ದೀರಿ ಅಂತ ಕೇಳಿದರೆ, ಏನೂ ಇಲ್ಲ ಅನ್ನುತ್ತಾರೆ. ಅದು ನಿಜವೂ ಹೌದು. ಆದ್ದರಿಂದ ಕೇಳಬೇಕಾದದ್ದು ಕಳೆದ ಮೂರು ವಾರದ ಲೆಕ್ಕ: ಯಾವ ಔಷಧ, ಯಾವ ತಾರೀಖಿಗೆ ಶುರು?

ಇದನ್ನು ಮೊದಲು ಚೆನ್ನಾಗಿ ವಿವರಿಸಿದವರು ವಿಯೆನ್ನಾದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್, 1905ರಲ್ಲಿ. ಆಗ ಡಿಫ್ತೀರಿಯಾಕ್ಕೆ ಕುದುರೆಯ ಸೀರಮ್, ಅಂದರೆ ಅದರ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ, ಕೊಡುತ್ತಿದ್ದರು. ಮೊದಲ ಸಲ ಸೀರಮ್ ಪಡೆದ ಮಕ್ಕಳಿಗೆ ಸಾಮಾನ್ಯವಾಗಿ 8ರಿಂದ 12 ದಿನಕ್ಕೆ ತೊಂದರೆ ಕಾಣುತ್ತಿತ್ತು. ಎರಡನೇ ಸಲ ಕೊಟ್ಟಾಗ ಅದೇ ತೊಂದರೆ ಬಹಳ ಬೇಗ ಬರುತ್ತಿತ್ತು. ಸೀರಮ್ ತಾನೇ ವಿಷವಾಗಿದ್ದರೆ ಎರಡು ಸಲವೂ ಒಂದೇ ಸಮಯ ಹಿಡಿಯಬೇಕಿತ್ತು, ಅಲ್ವಾ? ಹಾಗಾಗಿ ಕಾರಣ ದೇಹದ ಸ್ವಂತ ಪ್ರತಿಕ್ರಿಯೆಯೇ ಇರಬೇಕು ಎಂದು ಅವರು ಊಹಿಸಿದರು. ಆಂಟಿಬಾಡಿ (ಹೊರಗಿನ ವಸ್ತುವಿಗೆ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನ್) ಹೇಗಿರುತ್ತದೆ ಎಂದೇ ಗೊತ್ತಿಲ್ಲದ ಕಾಲದಲ್ಲಿ, ಬರೀ ದಿನಗಳನ್ನು ನೋಡಿ ಇಷ್ಟು ದೂರ ಯೋಚಿಸಿದ್ದು ನನಗೆ ತುಂಬಾ ಇಷ್ಟ.

ತಡವಾಗುವುದು ಏಕೆ? ಹೊಸ ಪ್ರೋಟೀನ್ ಬಂದ ಮೇಲೆ ದೇಹ ಅದರ ವಿರುದ್ಧ ಸಾಕಷ್ಟು ಐಜಿಜಿ (ಒಂದು ಬಗೆಯ ಆಂಟಿಬಾಡಿ) ತಯಾರಿಸಲು ಒಂದು ವಾರವಾದರೂ ಬೇಕು. ಐಜಿಜಿ ರಕ್ತಕ್ಕೆ ಬರುವ ಹೊತ್ತಿಗೆ ಆ ಪ್ರೋಟೀನ್ ಇನ್ನೂ ಅಲ್ಲೇ ಉಳಿದಿದ್ದರೆ ಎರಡೂ ಅಂಟಿಕೊಂಡು ಇಮ್ಯೂನ್ ಕಾಂಪ್ಲೆಕ್ಸ್ ಆಗುತ್ತವೆ. ಇಲ್ಲಿ ಗಾತ್ರ ಮುಖ್ಯ. ದೊಡ್ಡ ಕಾಂಪ್ಲೆಕ್ಸ್‌ಗಳನ್ನು ಯಕೃತ್ತು, ಗುಲ್ಮದ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ಕಣಗಳು) ಬೇಗ ನುಂಗಿಬಿಡುತ್ತವೆ. ಆಂಟಿಜನ್, ಅಂದರೆ ಆ ಹೊರಗಿನ ಪ್ರೋಟೀನ್, ಸ್ವಲ್ಪ ಜಾಸ್ತಿ ಇರುವಾಗ ಆಗುವ ಮಧ್ಯಮ ಗಾತ್ರದವು ತಪ್ಪಿಸಿಕೊಂಡು ಸಣ್ಣ ರಕ್ತನಾಳ, ಕೀಲು, ಮೂತ್ರಪಿಂಡದಲ್ಲಿ ಕೂರುತ್ತವೆ. ಅಲ್ಲಿ ಕಾಂಪ್ಲಿಮೆಂಟ್ (ರಕ್ತದಲ್ಲಿರುವ ರಕ್ಷಣಾ ಪ್ರೋಟೀನ್‌ಗಳ ಗುಂಪು) ಎಚ್ಚೆತ್ತು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ, ಉರಿಯೂತ ಶುರುವಾಗುತ್ತದೆ. ಟೈಪ್ 3 ಅಲರ್ಜಿ ಪ್ರತಿಕ್ರಿಯೆ ಅಂದರೆ ಇದೇ. ಕಾಂಪ್ಲಿಮೆಂಟ್ ಖರ್ಚಾಗುವುದರಿಂದ ರಕ್ತದಲ್ಲಿ ಅದರ ಭಾಗಗಳಾದ ಸಿ3, ಸಿ4 ಇಳಿಯುತ್ತವೆ. ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಸಿಗಬಹುದು. ಲಿಂಫ್ ಗ್ರಂಥಿಗಳೂ ಊದಬಹುದು.

ಇವತ್ತು ಇದನ್ನು ಹೆಚ್ಚಾಗಿ ತರುವುದು ಹಾವಿನ ಕಡಿತಕ್ಕೆ ಕೊಡುವ ಆಂಟಿವೆನಮ್, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಆಂಟಿಬಾಡಿ ಔಷಧಗಳಾದ ಆಂಟಿಥೈಮೋಸೈಟ್ ಗ್ಲಾಬ್ಯುಲಿನ್, ರಿಟುಕ್ಸಿಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್. ಎಲ್ಲವೂ ಹೊರಗಿನ ಪ್ರೋಟೀನ್‌ಗಳೇ, ಗಮನಿಸಿ.

ಹಾಗಾದರೆ ಪ್ರೋಟೀನ್ ಅಲ್ಲದ, ಸಣ್ಣ ಅಣುವಾದ ಅಮಾಕ್ಸಿಸಿಲಿನ್ ಅಥವಾ ಸೆಫಾಕ್ಲೋರ್ ಎಂಬ ಆಂಟಿಬಯೋಟಿಕ್ ತಗೊಂಡ ಮಗುವಿಗೂ ಇದೇ ಚಿತ್ರ ಬಂದರೆ? ಅದನ್ನು ಸೀರಮ್ ಸಿಕ್‌ನೆಸ್ ತರಹದ ಪ್ರತಿಕ್ರಿಯೆ ಎಂದು ಬೇರೆಯಾಗಿ ಓದಬೇಕು. ಜ್ವರ, ಗಂಧೆ, ಕೀಲು ನೋವು ಇರುತ್ತವೆ. ಪಾದ ಊದಿ ಮಗು ನಡೆಯಲು ಒಪ್ಪದೇ ಇರಬಹುದು. ಆದರೆ ಸಾಮಾನ್ಯವಾಗಿ ಸಿ3, ಸಿ4 ಇಳಿಯುವುದಿಲ್ಲ, ಮೂತ್ರಪಿಂಡಕ್ಕೆ ತೊಂದರೆ ಆಗುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಈ ಎರಡನ್ನು ಕಲಸಿ ಬರೆಯುವುದು ಸುಲಭ, ಹುಷಾರಾಗಿರಿ.

ಚಿಕಿತ್ಸೆ ಸರಳ. ಕಾರಣವಾದ ಔಷಧ ನಿಲ್ಲಿಸುವುದು, ತುರಿಕೆಗೆ ಆಂಟಿಹಿಸ್ಟಮಿನ್, ಕೀಲಿಗೆ ನೋವಿನ ಮಾತ್ರೆ, ಜೋರಾಗಿದ್ದರೆ ಕೆಲವು ದಿನ ಸ್ಟೀರಾಯ್ಡ್. ಮೂತ್ರಪಿಂಡದ ಸ್ಥಿತಿ ನೋಡದೆ ನೋವಿನ ಮಾತ್ರೆ ಕೊಡಬಾರದು. ಬಹುತೇಕರು ಒಂದೆರಡು ವಾರದಲ್ಲಿ ಸುಧಾರಿಸುತ್ತಾರೆ.

ದಿನದ ಲೆಕ್ಕ ಬೇರೆ ರೋಗಗಳನ್ನು ಗುರುತಿಸಲೂ ಬೇಕು. ಔಷಧ ಶುರು ಮಾಡಿ ಎರಡರಿಂದ ಎಂಟು ವಾರಕ್ಕೆ ಜ್ವರ, ದದ್ದು, ಮುಖದ ಊತ, ಜೊತೆಗೆ ಇಯೊಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಏರಿಕೆ ಅಥವಾ ಯಕೃತ್ತಿನ ತೊಂದರೆ ಕಂಡರೆ ಡ್ರೆಸ್ (DRESS) ಎಂಬ ತೀವ್ರ ಔಷಧ ಪ್ರತಿಕ್ರಿಯೆಯ ಬಗ್ಗೆ ಯೋಚಿಸಿ. ಬಾಯಿ, ಕಣ್ಣಿನಲ್ಲಿ ಹುಣ್ಣು, ಚರ್ಮ ಮುಟ್ಟಿದರೆ ನೋವು, ಗುಳ್ಳೆ ಎದ್ದು ಸಿಪ್ಪೆ ಸುಲಿಯುವುದು ಕಂಡರೆ ಅದು ಸ್ಟೀವನ್ಸ್ ಜಾನ್ಸನ್ ಎಂಬ ಗಂಭೀರ ಚರ್ಮದ ಪ್ರತಿಕ್ರಿಯೆ ಇರಬಹುದು. ಆಗ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಇನ್ನೊಂದು ಮಾತು. ಚುಚ್ಚಿ ಮಾಡುವ ಚರ್ಮದ ಪರೀಕ್ಷೆ ಐಜಿಇ ಎಂಬ ಇನ್ನೊಂದು ಬಗೆಯ ಆಂಟಿಬಾಡಿಯಿಂದ ಬರುವ ಅಲರ್ಜಿಯನ್ನಷ್ಟೇ ಹುಡುಕುತ್ತದೆ. ಅದು ನೆಗೆಟಿವ್ ಬಂದರೂ ಸೀರಮ್ ಸಿಕ್‌ನೆಸ್ ಬರುವುದಿಲ್ಲ ಎಂದು ಹೇಳಲಾಗದು. ಅದಕ್ಕೇ ಆಂಟಿವೆನಮ್ ಪಡೆದವರನ್ನು ಮನೆಗೆ ಕಳಿಸುವಾಗಲೇ ಹೇಳಬೇಕು: ಮುಂದಿನ ಎರಡು ವಾರದಲ್ಲಿ ಜ್ವರ, ದದ್ದು, ಕೀಲು ನೋವು ಬಂದರೆ ವಾಪಸ್ ಬನ್ನಿ, ಬರುವಾಗ ಈ ಡಿಸ್ಚಾರ್ಜ್ ಚೀಟಿ ತನ್ನಿ.