ಒಳಗೋಡೆಗೆ ಬಣ್ಣ: ಮಳೆಗೆ ಮುಂಚೆಯೋ, ದೀಪಾವಳಿ ಕಳೆದ ಮೇಲೋ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೆಂಪುಕಲ್ಲಿನ ಮನೆ ಕಟ್ಟಿಸುತ್ತಿದ್ದೇವೆ. ಒಳಗಿನ ಗಾರೆ ಏಪ್ರಿಲ್ ಕೊನೆಗೆ ಮುಗಿಯಿತು. ಗೃಹಪ್ರವೇಶ ಶ್ರಾವಣದಲ್ಲಿ. "28 ದಿನ ಆಯ್ತಲ್ಲ, ಒಳಗಿನ ಕೆಲಸಕ್ಕೆ ಮಳೆ ಏನೂ ಮಾಡಲ್ಲ, ಜೂನ್‌ನಲ್ಲೇ ಮುಗಿಸೋಣ" ಅಂತಾರೆ ಪೇಂಟರ್. ಹೊಡೆಸಬಹುದಾ?

ಉತ್ತರ: ಬೇಡ. ಗೋಡೆ ಒಣಗಿರುವ ಕಡೆ ಪುಟ್ಟಿವರೆಗೆ (ಬಣ್ಣಕ್ಕೆ ಮುಂಚೆ ಗೋಡೆ ನುಣುಪಾಗಲೆಂದು ಎಳೆಯುವ ಬಿಳಿ ಪದರ) ಬಂದು ನಿಲ್ಲಿಸಿ. ಬಣ್ಣ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

28 ದಿನ ಎನ್ನುವುದು ಸಿಮೆಂಟಿಗೆ ಬಲ ಬರುವ ಲೆಕ್ಕ. ನೀರು ಆರುವ ಲೆಕ್ಕವೇ ಬೇರೆ. ಗೋಡೆ ಕಟ್ಟುವಾಗ ಕಲ್ಲು ಕುಡಿದ ನೀರು, ಗಾರೆಗೆ ಕಲಸಿದ ನೀರು, ಆಮೇಲೆ ವಾರಗಟ್ಟಲೆ ಹೊಡೆದ ಕ್ಯೂರಿಂಗ್ ನೀರು, ಎಲ್ಲವೂ ಗೋಡೆಯ ಮೈಯಿಂದಲೇ ಹೊರಗೆ ಬರಬೇಕು. ಕೆಂಪುಕಲ್ಲು ಚೆನ್ನಾಗಿ ನೀರು ಹಿಡಿಯುವ ಕಲ್ಲು, ಗೋಡೆಯೂ ದಪ್ಪ. ಬೇಸಿಗೆಯ ಗಾಳಿಯಲ್ಲೇ ಇದಕ್ಕೆ ಕನಿಷ್ಠ 45 ದಿನ ಕೊಡಬೇಕು, 60 ಆದರೆ ಇನ್ನೂ ಒಳ್ಳೆಯದು. ಜಡಿಮಳೆಯ ದಿನಗಳನ್ನು ಈ ಲೆಕ್ಕಕ್ಕೆ ಸೇರಿಸಲೇಬಾರದು. ಗಾಳಿಯೇ ನೀರು ತುಂಬಿಕೊಂಡಿರುವಾಗ ಗೋಡೆಯ ನೀರು ಹೋಗುವುದೆಲ್ಲಿಗೆ? ನಿಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಪೇಟೆಯಲ್ಲಿ ಕೆಲಸ ಮಾಡಿ ರೂಢಿಯಾದ ಪೇಂಟರ್ ಹೇಳುವ ದಿನಗಳು ತೀರ್ಥಹಳ್ಳಿ, ಹೊಸನಗರದ ಕಡೆ ನಡೆಯದೇ ಇರುವುದು ಇದಕ್ಕೇ.

ತೇವದ ಜೊತೆಗೆ ಇನ್ನೊಂದು ತೊಂದರೆ ಇದೆ: ಕ್ಷಾರ. ಸಿಮೆಂಟ್ ಗಟ್ಟಿಯಾಗುವಾಗ ಸುಣ್ಣದ ಅಂಶ ಬಿಡುತ್ತದೆ, ಹಾಗಾಗಿ ಹೊಸ ಗಾರೆಯ ಪಿಎಚ್ (ಕ್ಷಾರದ ಅಳತೆ) 12ರಿಂದ 13 ಇರುತ್ತದೆ. ಗೋಡೆ ಆರಿದ ಹಾಗೆ, ಗಾಳಿ ತಾಗಿದ ಹಾಗೆ ಇದು ನಿಧಾನಕ್ಕೆ ಇಳಿಯುತ್ತದೆ. ಇಳಿಯುವ ಮೊದಲೇ ಬಣ್ಣ ಬಿದ್ದರೆ ಒಳಗಿನ ನೀರು ಆ ಕ್ಷಾರವನ್ನು ಹೊತ್ತುಕೊಂಡು ಬಣ್ಣದ ಹಿಂದೆ ಬಂದು ನಿಲ್ಲುತ್ತದೆ. ಗಾಢ ಬಣ್ಣವಾದರೆ ಅಲ್ಲಲ್ಲಿ ಬಿಳಿಚಿಕೊಂಡು ಮಚ್ಚೆ ಕಾಣುತ್ತದೆ. ಬಣ್ಣದ ಅಡಿಗೆ ಎಣ್ಣೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಕೋಟ್) ಹೊಡೆದಿದ್ದರೆ ಎಣ್ಣೆ ಮತ್ತು ಕ್ಷಾರ ಸೇರಿ ಅಕ್ಷರಶಃ ಸೋಪು ಆಗುತ್ತದೆ. ಗೋಡೆ ಅಂಟಂಟಾಗಿ, ಉಗುರು ತಾಗಿಸಿದರೆ ಪದರ ಏಳುತ್ತದೆ. ಹೊಸ ಗೋಡೆಗೆ ನೀರಿನ ಪ್ರೈಮರ್ ಮಾತ್ರ ಹೊಡೆಸಿ.

ಪೇಂಟರ್ ಮಾತು ಪೂರ್ತಿ ಸುಳ್ಳಲ್ಲ. ಬಿಳಿ ಸಿಮೆಂಟಿನ ಪುಟ್ಟಿ ಅಲ್ಪಸ್ವಲ್ಪ ಪಸೆಯನ್ನು ತಡೆದುಕೊಳ್ಳುತ್ತದೆ, ಹಿಡಿಯುವುದಕ್ಕೂ ಸ್ವಲ್ಪ ನೀರು ಬೇಕು. ಅದನ್ನು ಬಣ್ಣಕ್ಕೂ ಅನ್ವಯಿಸುವುದೇ ತಪ್ಪು. ಎಮಲ್ಷನ್, ಅಂದರೆ ಒಳಗೋಡೆಗೆ ಹೊಡೆಯುವ ನೀರಿನ ಬಣ್ಣ, ಗೋಡೆಯ ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ. ಹಿಂದಿನಿಂದ ನೀರು ಒತ್ತಿದರೆ ಗುಳ್ಳೆ ಏಳುತ್ತದೆ, ಒಡೆದು ಚಕ್ಕೆ ಬೀಳುತ್ತದೆ.

ಕೈಯಿಟ್ಟು ನೋಡಿ ಗೋಡೆ ಒಣಗಿದೆ ಅನ್ನಬೇಡಿ. ಮಳೆಯಿಲ್ಲದ ದಿನ ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಒತ್ತಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಹಾಳೆ ಕಿತ್ತ ಜಾಗ ಸುತ್ತಲಿಗಿಂತ ಕಪ್ಪಗಿದ್ದರೆ, ನೀರು ಇನ್ನೂ ಗೋಡೆಯಲ್ಲಿದೆ. ಹನಿ ಹೊರಮೈಯಲ್ಲಿದ್ದರೆ ಅದು ಗಾಳಿಯ ತೇವ. ಹಾಲ್‌ನ ನಡುಗೋಡೆಯಲ್ಲಿ ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ನೆಲದಿಂದ ಒಂದಡಿ ಮೇಲೆ, ಬಚ್ಚಲಿನ ಹಿಂಬದಿ, ಕಿಟಕಿಯ ಕೆಳಗೆ, ಮತ್ತು ಮಳೆ ರಾಚುವ ಪಡುವಣ ಗೋಡೆಯಲ್ಲಿ, ಈ ನಾಲ್ಕು ಕಡೆಯಂತೂ ನೋಡಲೇಬೇಕು.

ಪರೀಕ್ಷೆಯಲ್ಲಿ ಪಾಸಾದ ಗೋಡೆಗೆ ಈಗ ಎರಡು ಕೋಟ್ ಪುಟ್ಟಿ ಎಳೆಸಿ, ಒಟ್ಟು ದಪ್ಪ ಒಂದೂವರೆ ಮಿ.ಮೀ. ಮೀರದಿರಲಿ. ಪಾಸಾಗದ ಗೋಡೆ ಗಾರೆಯಲ್ಲೇ ಇರಲಿ. ಪುಟ್ಟಿಯ ಗೋಡೆ ಬೆಳ್ಳಗೆ ಚೊಕ್ಕಟವಾಗಿ ಕಾಣುತ್ತದೆ, ಗೃಹಪ್ರವೇಶಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಹಾಗೆ ನೋಡಿದರೆ ಇದೇ ಲೇಸು: ಹೋಮದ ಹೊಗೆ, ಹಾಲುಕ್ಕಿಸುವ ಒಲೆಯ ಮಸಿ, ಅರಿಶಿನ-ಕುಂಕುಮದ ಕೈಗುರುತು ಎಲ್ಲವೂ ಪುಟ್ಟಿಯ ಮೇಲೆ ಬೀಳುತ್ತವೆ. ಆಮೇಲೆ ಉಜ್ಜುವಾಗ ಬಹುಪಾಲು ಹೋಗುತ್ತವೆ, ಉಳಿದದ್ದು ಪ್ರೈಮರ್ ಅಡಿ ಮುಚ್ಚುತ್ತದೆ. ಸದ್ಯಕ್ಕೆ ಸುಣ್ಣ ಬಳಿಯೋಣ ಎಂದು ಹಿರಿಯರು ಹೇಳಬಹುದು. ಸುಣ್ಣವೇ ಕೊನೆಯಾದರೆ ಒಳ್ಳೆಯದೇ, ಗೋಡೆ ಉಸಿರಾಡುತ್ತದೆ. ಮುಂದೆ ಎಮಲ್ಷನ್ ಹೊಡೆಸುವವರು ಮಾತ್ರ ಬಳಿಯಬೇಡಿ. ಸುಣ್ಣದ ಪುಡಿಯ ಮೇಲೆ ಅದು ಕೂರುವುದಿಲ್ಲ, ಅಷ್ಟನ್ನೂ ಕೆರೆದು ತೆಗೆಯಬೇಕಾಗುತ್ತದೆ.

ಬೇಗ ಒಣಗಲಿ ಎಂದು ಕೋಣೆಯಲ್ಲಿ ಕೆಂಡ ಇಡುವುದು, ಗ್ಯಾಸ್ ಒಲೆ ಹಚ್ಚುವುದು ಮಾಡಬೇಡಿ. ಗ್ಯಾಸ್ ಉರಿದಾಗ ನೀರಾವಿಯೇ ಬರುತ್ತದೆ, ಮುಚ್ಚಿದ ಕೋಣೆಯ ಕೆಂಡದ ಹೊಗೆ ಜೀವಕ್ಕೇ ಅಪಾಯ. ಹೊಳವಾದಾಗ ಎದುರುಬದುರು ಕಿಟಕಿ ತೆರೆದು ಫ್ಯಾನ್ ಹಾಕಿ, ಮಂಜು ಕವಿದಾಗ ಮುಚ್ಚಿಡಿ.

ಈ ಮಳೆಗೆ ಮುಂಚೆ ದುಡ್ಡು ಹಾಕುವುದಾದರೆ ಹೊರಗೋಡೆಗೆ ಹಾಕಿ. ಹೊರಗಿನ ಬಿರುಕು ತುಂಬಿಸಿ, ಪಡುವಣ ಗೋಡೆಗೆ ಪ್ರೈಮರ್ ಮತ್ತು ಹೊರಬಣ್ಣ ಕೊಡಿಸಿ, ತಾರಸಿ ಮೇಲೆ ಶೀಟು ಹಾಕಿಸುವುದಿದ್ದರೆ ಈಗಲೇ ಹಾಕಿಸಿ. ಹೊರಗಿನಿಂದ ನೀರು ನುಗ್ಗುವ ಗೋಡೆಗೆ ಒಳಗೆ ಎಷ್ಟು ದುಬಾರಿ ಬಣ್ಣ ಹೊಡೆದರೂ ಬೂಷ್ಟು ತಪ್ಪುವುದಿಲ್ಲ. ಒಂದು ಮಳೆಗಾಲ ಬಣ್ಣವಿಲ್ಲದೆ ಕಳೆದರೆ ಸೋರುವ ಜಾಗವೆಲ್ಲ ಕಣ್ಣಿಗೆ ಬೀಳುತ್ತದೆ. ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ದಿನಾಂಕ ಬರೆದಿಡಿ. ಪಿಲ್ಲರ್ ಮತ್ತು ಗೋಡೆ ಕೂಡುವಲ್ಲಿ ಕೂದಲೆಳೆ ಬಿರುಕುಗಳೂ ಇಷ್ಟರಲ್ಲಿ ಬಂದಿರುತ್ತವೆ.

ನವೆಂಬರ್‌ನಲ್ಲಿ ಪ್ಲಾಸ್ಟಿಕ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಗಾರೆಯಲ್ಲೇ ಬಿಟ್ಟಿದ್ದ ಗೋಡೆ ಪಾಸಾದರೆ ಪುಟ್ಟಿ ಎಳೆಸಿ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರಿನಲ್ಲಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಂದು ವಾರ ಬಿಟ್ಟು ನೋಡಿ, ಮತ್ತೆ ಏಳುತ್ತಿದ್ದರೆ ನೀರಿನ ಮೂಲ ಇನ್ನೂ ಇದೆ ಎಂದರ್ಥ. ಬಚ್ಚಲಿನ ನೆಲದಲ್ಲಿ 24 ಗಂಟೆ ನೀರು ನಿಲ್ಲಿಸಿ, ಪಕ್ಕದ ಗೋಡೆ ಒದ್ದೆಯಾಗುತ್ತದೆಯೇ ನೋಡಿ. ಎಲ್ಲ ಸರಿಯಿದ್ದರೆ ಪುಟ್ಟಿ ಉಜ್ಜಿ, ಧೂಳು ಒರೆಸಿ, ಪ್ರೈಮರ್, ಅದರ ಮೇಲೆ ಮೊದಲ ಕೋಟ್. ಬಡಗಿ ಕೆಲಸ, ಸ್ವಿಚ್‌ಬೋರ್ಡ್ ಮುಗಿದ ಮೇಲೆ ಕೊನೆಯ ಕೋಟ್.

1,000 ಚದರಡಿ ಮನೆಯಲ್ಲಿ ಗೋಡೆ, ಸೂರು ಸೇರಿ 3,000 ಚದರಡಿ ಮೇಲಾಗುತ್ತದೆ. ಎರಡು ಕೋಟ್ ಎಳೆದರೆ ಒಂದು ಕೆ.ಜಿ. ಪುಟ್ಟಿ 12ರಿಂದ 15 ಚದರಡಿ ಬರುತ್ತದೆ, ಅಂದರೆ 40 ಕೆ.ಜಿ.ಯ ಸುಮಾರು 6 ಚೀಲ. ಅಷ್ಟನ್ನೂ ಒಮ್ಮೆಲೇ ತಂದಿಡಬೇಡಿ, ಬಾಯಿ ಬಿಚ್ಚಿದ ಚೀಲ ಮಳೆಗಾಲದ ಗಾಳಿಗೆ ಗಟ್ಟಿಯಾಗಿಬಿಡುತ್ತದೆ. ಬಣ್ಣ ಮಾತ್ರ ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಮಿಕ್ಸ್ ಮಾಡಿಸಿ.