ಉರ್ದುವಿನಲ್ಲಿ ಜಗ್ಲರ್ ಅಂದರೆ ಮದಾರಿನಾ?

ಪ್ರಶ್ನೆ: ಉರ್ದು ಕಲಿಯುತ್ತಿದ್ದೇನೆ. ನಿಘಂಟಿನಲ್ಲಿ ‘ಜಗ್ಲರ್’ ಎಂಬ ಇಂಗ್ಲಿಷ್ ಪದಕ್ಕೆ ‘ಮದಾರಿ’ ಅಂತ ಅರ್ಥ ಕೊಟ್ಟಿದ್ದಾರೆ. ಮದಾರಿ ಅಂದರೆ ಕೋತಿ ಆಡಿಸುವವನು ಅಲ್ವಾ? ಚೆಂಡು ಎಸೆದು ಹಿಡಿಯುವವನಿಗೂ ಅವನಿಗೂ ಏನು ಸಂಬಂಧ?

ಉತ್ತರ: ನಿಘಂಟಿನಲ್ಲಿ ತಪ್ಪಿಲ್ಲ, ಅದು ಕೊಟ್ಟಿರುವ ಅರ್ಥ ಹಳೆಯದು ಅಷ್ಟೆ. ಇವತ್ತು ಜಗ್ಲರ್ ಅಂದ ಕೂಡಲೇ ನಾಲ್ಕಾರು ಚೆಂಡುಗಳನ್ನು ಕೆಳಗೆ ಬೀಳದ ಹಾಗೆ ಗಾಳಿಯಲ್ಲಿ ಆಡಿಸುವವನು ನೆನಪಾಗುತ್ತಾನೆ. ಆದರೆ 19ನೇ ಶತಮಾನದಲ್ಲೂ ಇಂಗ್ಲಿಷಿನಲ್ಲಿ ಕೈಚಳಕದವನು, ಬಟ್ಟಲಿನಡಿ ಗುಂಡು ಮಾಯ ಮಾಡುವವನು, ಕತ್ತಿ ನುಂಗುವವನು, ಎಲ್ಲರಿಗೂ ಅದೇ ಹೆಸರು. ಭಾರತಕ್ಕೆ ಬಂದ ಇಂಗ್ಲಿಷರು ನಮ್ಮ ಬೀದಿಗಳಲ್ಲಿ ಆಡುತ್ತಿದ್ದವರನ್ನೆಲ್ಲ ಸಾರಾಸಗಟಾಗಿ ಜಗ್ಲರ್ ಎಂದೇ ಬರೆದುಕೊಂಡರು.

ಇದಕ್ಕೆ ಒಳ್ಳೆಯ ಉದಾಹರಣೆ ರಾಮೋ ಸಾಮೀ. ರಾಮಸ್ವಾಮಿ ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ಹಾಗಾಯಿತು. 1810ರ ದಶಕದಲ್ಲಿ ಲಂಡನ್ನಿನಲ್ಲಿ ಆಡಿ ಹೆಸರು ಮಾಡಿದ ಈತ ನಾಲ್ಕು ಹಿತ್ತಾಳೆ ಚೆಂಡುಗಳನ್ನು ಒಟ್ಟಿಗೆ ಆಡಿಸುತ್ತಿದ್ದ, ಬಟ್ಟಲಾಟ ತೋರಿಸುತ್ತಿದ್ದ, ಕತ್ತಿಯನ್ನೂ ನುಂಗುತ್ತಿದ್ದ. ಇಷ್ಟಕ್ಕೂ ಸೇರಿ ಅವನು ಒಬ್ಬ ಜಗ್ಲರ್. ಆಮೇಲೆ ಇಂಗ್ಲಿಷ್ ಪದ ಚೆಂಡಾಟಕ್ಕೆ ಸೀಮಿತವಾಯಿತು. ಮದಾರಿ ಮಾತ್ರ ನಿಘಂಟಿನಲ್ಲಿ ಕೂತಲ್ಲೇ ಉಳಿದ.

ಹಾಗಾದರೆ ಮದಾರಿ ಯಾರು? ಕೋತಿ ಆಡಿಸುವವನೂ ಹೌದು, ಜಾದೂ ಮಾಡುವವನೂ ಹೌದು. ಡುಗ್ಡುಗಿ ಬಾರಿಸಿ, ಮಾತಿನಿಂದಲೇ ಜನ ಸೇರಿಸಿ, ಆಟ ತೋರಿಸಿ ಕಾಸು ಎತ್ತುವವನು ಅಂತ ಇಟ್ಟುಕೊಳ್ಳಿ. ಡುಗ್ಡುಗಿ ಅಂದರೆ ನಮ್ಮ ಬುಡುಬುಡಿಕೆಯವರ ಕೈಯಲ್ಲಿರುವಂಥದ್ದೇ ಪುಟ್ಟ ವಾದ್ಯ. ಸೇರಿದ ಜನಕ್ಕೆ ಉರ್ದುವಿನಲ್ಲಿ ‘ಮಜ್ಮಾ’ ಎನ್ನುತ್ತಾರೆ. ಮಜ್ಮಾ ಕಟ್ಟುವುದು, ಅಂದರೆ ದಾರಿಹೋಕರನ್ನು ನಿಲ್ಲಿಸಿ ಸುತ್ತ ಗುಂಡಗೆ ನಿಲ್ಲಿಸಿಕೊಳ್ಳುವುದು, ಈ ಕಸುಬಿನ ಅರ್ಧ ವಿದ್ಯೆ. ನನ್ನನ್ನು ಕೇಳಿದರೆ ಮುಕ್ಕಾಲು.

ಮದಾರಿಯ ಜೊತೆ ಒಬ್ಬ ಹುಡುಗ ಇರುತ್ತಾನೆ. ಅವನೇ ಜಮೂರಾ. ಹುಡುಗನನ್ನು ನೆಲದ ಮೇಲೆ ಮಲಗಿಸಿ ಮೇಲೆ ಚಾದರ ಹೊದಿಸುತ್ತಾನೆ. ಆಮೇಲೆ ಸವಾಲ್ ಜವಾಬ್ ಶುರು.

‘ಬಚ್ಚಾ ಜಮೂರಾ!’
‘ಜೀ, ಉಸ್ತಾದ್!’
‘ಕೇಳಿದ್ದು ಹೇಳ್ತೀಯಾ?’
‘ಹೇಳ್ತೀನಿ, ಉಸ್ತಾದ್!’

ಉಸ್ತಾದ್ ಯಾರದೋ ಭುಜ ಮುಟ್ಟಿ ಅಂಗಿಯ ಬಣ್ಣ ಕೇಳುತ್ತಾನೆ. ಚಾದರದ ಒಳಗಿಂದ ಸರಿಯಾದ ಉತ್ತರ ಬರುತ್ತದೆ. ಗುಟ್ಟು ಸಾಮಾನ್ಯವಾಗಿ ಪ್ರಶ್ನೆಯಲ್ಲೇ ಇರುತ್ತದೆ: ‘ಬೇಗ ಹೇಳು’ ಅಂದರೆ ಒಂದು, ‘ನೋಡಿ ಹೇಳು’ ಅಂದರೆ ಇನ್ನೊಂದು, ಹೀಗೆ ಇಬ್ಬರೂ ಮೊದಲೇ ಮಾಡಿಕೊಂಡ ಸಂಕೇತ. ಮುಂದೆ ಹುಡುಗನ ಕುತ್ತಿಗೆಗೆ ಚೂರಿ ಹಾಕುವ ಆಟ. ಚಾದರದ ಮೇಲೆ ಕೆಂಪಗೆ ಕಾಣುವ ಹೊತ್ತಿಗೆ ಸರಿಯಾಗಿ ಉಸ್ತಾದ್ ಆಟ ನಿಲ್ಲಿಸಿ ಹೊಟ್ಟೆಪಾಡಿನ ಮಾತೆತ್ತುತ್ತಾನೆ. ಹುಡುಗ ಬದುಕಿ ಏಳುವುದನ್ನು ನೋಡಬೇಕು ಅಂದರೆ ನಿಲ್ಲಬೇಕು, ನಿಂತರೆ ಜೇಬಿಗೆ ಕೈ ಹಾಕಬೇಕು. ಆಟ ಮುಗಿದ ಮೇಲೆ ಕಾಸು ಕೇಳಿದರೆ ಯಾರು ಕೊಡ್ತಾರೆ ಹೇಳಿ?

ಮದಾರಿ ಎಂಬ ಹೆಸರು ಬಂದಿದ್ದು ಒಬ್ಬ ಸೂಫಿ ಸಂತರಿಂದ. ಉತ್ತರ ಪ್ರದೇಶದ ಕಾನ್ಪುರದ ಹತ್ತಿರ ಮಕನ್‌ಪುರದಲ್ಲಿ ಶಾಹ್ ಮದಾರ್ ಅವರ ದರ್ಗಾ ಇದೆ. 15ನೇ ಶತಮಾನದಲ್ಲಿ ತೀರಿಕೊಂಡವರು. ಅವರ ಹಾದಿ ಹಿಡಿದ ಫಕೀರರಿಗೆ ಮದಾರಿ ಎಂಬ ಹೆಸರು. ಊರೂರು ಅಲೆಯುತ್ತಿದ್ದ ಈ ಫಕೀರರು ‘ದಮ್ ಮದಾರ್’ ಎಂದು ಕೂಗುತ್ತ ಕೆಂಡ ಹಾಯುತ್ತಿದ್ದರು. ಬರಬರುತ್ತ ಪಂಥದ ಹೆಸರು ಕಸುಬಿನ ಹೆಸರೂ ಆಯಿತು. ಕಲಂದರ್ ಎಂಬ ಪದಕ್ಕೂ ಹೀಗೇ ಆಗಿದೆ: ಮೊದಲು ಅಲೆಮಾರಿ ಫಕೀರ, ಆಮೇಲೆ ಕರಡಿ ಕುಣಿಸುವವನು.

ಉರ್ದುವಿನಲ್ಲಿ ಬೇರೆ ಪದಗಳೂ ಇವೆ. ಕೈಚಳಕದವನು ಮಾತ್ರ ಬೇಕಿದ್ದರೆ ‘ಶೋಬ್ದಾಬಾಜ್’. ಅವನ ವಿದ್ಯೆಗೆ ‘ಹಾಥ್ ಕೀ ಸಫಾಯಿ’. ಹಗ್ಗದ ಮೇಲೆ ನಡೆಯುವವನು ‘ನಟ್’, ನಮ್ಮ ದೊಂಬರ ಹಾಗೆ. ವೇಷ ಹಾಕಿ ಬರುವವನು ‘ಬಹ್ರೂಪಿಯಾ’, ನಮ್ಮಲ್ಲಿ ಹಗಲುವೇಷದವರು. ‘ಬಾಜೀಗರ್’ ಎಂಬುದು ಲಾಗ ಹಾಕುವವನಿಗೂ ಜಾದೂಗಾರನಿಗೂ ಸಲ್ಲುತ್ತದೆ. ಪಂಜಾಬಿನಲ್ಲಿ ಅದು ಒಂದು ಸಮುದಾಯದ ಹೆಸರೂ ಹೌದು, ಅದಕ್ಕೇ ನೋಡಿಕೊಂಡು ಬಳಸಿ. ಇವರೆಲ್ಲ ತೋರಿಸುವ ಆಟಕ್ಕೆ ‘ತಮಾಶಾ’. ಕನ್ನಡದಲ್ಲಿ ‘ಸುಮ್ನೆ ತಮಾಷೆಗೆ ಹೇಳಿದೆ’ ಅಂತೀವಲ್ಲ, ಅದೇ ಪದ.

ಇನ್ನು ನಿಮ್ಮ ಕೋತಿಯ ವಿಷಯ. ಇಂದು ಭಾರತದಲ್ಲಿ ಮದಾರಿ ಕೋತಿ ಆಡಿಸುವ ಹಾಗಿಲ್ಲ. ಕರಡಿ, ಕೋತಿ, ಹುಲಿ, ಸಿಂಹ, ಚಿರತೆಗಳನ್ನು ಆಟಕ್ಕೆ ಬಳಸಬಾರದು ಎಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಸುದ್ದಿಯಾದ ರಾಜು ಕಲಂದರ್ ಒಬ್ಬರ ಕೈಯಿಂದ ಬಿಡುಗಡೆಯಾಗಿ ಬಂದಿದ್ದು ನಮ್ಮ ಬನ್ನೇರುಘಟ್ಟಕ್ಕೆ, 2009ರಲ್ಲಿ. ಪ್ರಾಣಿಯಿಲ್ಲದೆ ಆಡುವವರಿಗೂ ಬೀದಿ ಸಲೀಸಾಗಿರಲಿಲ್ಲ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯಿದೆ ಹಾಡು, ಕುಣಿತ, ಆಟದ ನೆಪದಲ್ಲಿ ಕಾಸು ಕೇಳುವುದನ್ನೂ ಭಿಕ್ಷೆಯ ಲೆಕ್ಕಕ್ಕೇ ಸೇರಿಸಿತ್ತು. ದೆಹಲಿಯಲ್ಲೂ ಜಾರಿಯಲ್ಲಿದ್ದ ಆ ಕಾಯಿದೆಯ ಮುಖ್ಯ ಕಲಮುಗಳನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು. ದೆಹಲಿಯ ಶಾದೀಪುರದ ಕಠ್‌ಪುತ್ಲಿ ಕಾಲೊನಿಯಲ್ಲಿ ದಶಕಗಳಿಂದ ಇದ್ದ ಗೊಂಬೆಯಾಟದವರು, ಜಾದೂಗಾರರು, ದೊಂಬರಾಟದವರ ಮನೆಗಳು ಅಷ್ಟರಲ್ಲಿ, 2017ರಲ್ಲೇ, ನೆಲಸಮವಾಗಿದ್ದವು.

ನೀವು ಅನುವಾದ ಮಾಡುತ್ತಿದ್ದರೆ ಹೀಗೆ ಮಾಡಿ. ಸರ್ಕಸ್ಸಿನಲ್ಲಿ ಚೆಂಡು ಆಡಿಸುವವನ ಬಗ್ಗೆ ಬರೆಯುವಾಗ ‘ಗೇಂದೇಂ ಉಛಾಲ್ನೇ ವಾಲಾ’ ಎಂದು ಬಿಡಿಸಿ ಹೇಳಿ, ಇಲ್ಲವೇ ಜಗ್ಲರ್ ಎಂದೇ ಉರ್ದು ಲಿಪಿಯಲ್ಲಿ ಬರೆಯಿರಿ. ಹಳೆಯ ಇಂಗ್ಲಿಷ್ ಬರಹದ ಭಾರತೀಯ ಜಗ್ಲರ್ ಆದರೆ ಮದಾರಿಯೇ ಸರಿ. ಮನುಷ್ಯರನ್ನು, ಅದರಲ್ಲೂ ರಾಜಕಾರಣಿಯನ್ನು ಮದಾರಿ ಅಂದರೆ ಮಾತ್ರ ಅದು ಬೈಗುಳ. ಜನರನ್ನು ಮರುಳು ಮಾಡಿ ಕುಣಿಸುವವನು ಎಂಬ ಅರ್ಥ ಬರುತ್ತದೆ, ಹೊಗಳಿಕೆ ಅಂದುಕೊಂಡು ಬಳಸಬೇಡಿ.